ಮೊದಲು ನನ್ನ ದಾರಿ ಬಿಡ್ರಿ

2016ರ ಸೆಪ್ಟೆಂಬರ್ 12. ಕಾವೇರಿ ಗಲಾಟೆ. ನಾಯಂಡಹಳ್ಳಿ ಕಡೆ ಖಾಸಗಿ ಬಸ್ಸುಗಳು ಸಾಲಾಗಿ ಸುಟ್ಟುಹೋಗಿದ್ದವು. 16 ಪೊಲೀಸ್ ಠಾಣೆ ವ್ಯಾಪ್ತಿಯಲ್ಲಿ ಕರ್ಫ್ಯೂ. ಆ ರಾತ್ರಿ ನಾನು ಪಕ್ಕದ ಮನೆಯ ಅಣ್ಣನ ಜೊತೆ ಕುಕ್ಕುರುಗಾಲಲ್ಲಿ ಕೂತು ಅವರ ಕಾರಿನ ತಮಿಳುನಾಡು ನಂಬರ್ ಪ್ಲೇಟ್ ಬಿಚ್ಚುತ್ತಿದ್ದೆ. ಮೊಬೈಲ್ ಟಾರ್ಚ್ ಹಾಕೋಕೂ ಭಯ. ಒಂದು ಸ್ಕ್ರೂ ತುಕ್ಕು ಹಿಡಿದು ಜಪ್ಪಯ್ಯ ಅಂದ್ರೂ ಬರಲಿಲ್ಲ. ಕೊನೆಗೆ ಅದರ ಮೇಲೆ ಗೋಣಿಚೀಲ ಇಳಿಬಿಟ್ಟು ಒಳಗೆ ಹೋದೆವು. ಅಣ್ಣ ಬೆಂಗಳೂರು ಕನ್ನಡವನ್ನು ನನಗಿಂತ ಚೆನ್ನಾಗಿ ಮಾತಾಡುತ್ತಾರೆ.

ಎರಡೂ ರಾಜ್ಯದವರನ್ನು ಒಟ್ಟಿಗೆ ಕೂರಿಸೋ ಶಾಂತಿ ಶಿಬಿರದ ಯೋಚನೆ ಹುಟ್ಟಿದ್ದು ಹಾಗೆ. ಮಾಗಡಿ ಕಡೆ ನಮ್ಮ ತಂದೆಯ ಎರಡು ಎಕರೆ ಇತ್ತು. ರಾಗಿ ಕೊಯ್ಲು ಮುಗಿದ ಮೇಲೆ ಮುಂಗಾರಿನವರೆಗೆ ಹೊಲ ಸುಮ್ನೆ ಬಿದ್ದಿರುತ್ತದೆ. ಹುಡುಗರಿಗೂ ಆಗಲೇ ರಜೆ. ಹಾಗಾಗಿ ಬೇಸಿಗೆ ಶಿಬಿರ.

ಕಟ್ಟಡ ಕಟ್ಟೋಣ ಅಂದವರು ಬಹಳ ಜನ. ಆದರೆ ಕೃಷಿ ಜಮೀನಿನಲ್ಲಿ ಅಂಥ ಕಟ್ಟಡ ಎಬ್ಬಿಸಬೇಕಾದರೆ ಮೊದಲು ಭೂ ಪರಿವರ್ತನೆ ಆಗಬೇಕು. ಆ ಓಡಾಟವೇ ಬೇಡ ಅಂತ ಹುಣಸೆ ಮರದ ಕೆಳಗೆ ಶಾಮಿಯಾನ ಹಾಕಿಸಿದೆ. ಗಾಂಧೀಜಿ 1910ರಲ್ಲಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಹತ್ತಿರ ಟಾಲ್‌ಸ್ಟಾಯ್ ಫಾರ್ಮ್ ಅನ್ನೋ ಆಶ್ರಮ ಶುರು ಮಾಡಿದಾಗ ಅವರ ಗೆಳೆಯ ಕಾಲೆನ್‌ಬಾಕ್ 1100 ಎಕರೆ ಬಿಟ್ಟುಕೊಟ್ಟಿದ್ದರು. ಸ್ವಂತ ಕೆಲಸಕ್ಕೆ ಊರಿಗೆ ಹೋಗುವವರು ನಡೆದೇ ಹೋಗಬೇಕು ಅನ್ನೋದು ಅಲ್ಲಿಯ ನಿಯಮ. ಅದನ್ನು ನಾವೂ ತಂದೆವು. ಎರಡನೇ ದಿನಕ್ಕೇ ಯಾರೋ ಬೀಡಿ ತರೋಕೆ ಬೈಕ್ ತಗೊಂಡು ಹೋದರು, ಬಿಡಿ.

ನನ್ನ ದುಡ್ಡು ಜಾಸ್ತಿ ನುಂಗಿದ್ದು ಕಕ್ಕಸು. ಬೋಧನೆಗೆ ಜನ ಸಿಗುತ್ತಾರೆ, ಗುಂಡಿ ತೋಡೋಕೆ ಸಿಗಲ್ಲ.

ಮೊದಲ ಶಿಬಿರ 2018ರ ಏಪ್ರಿಲ್‌ನಲ್ಲಿ. ಫೆಬ್ರವರಿಯಲ್ಲಷ್ಟೇ ಕಾವೇರಿ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂದಿತ್ತು. ತಮಿಳುನಾಡಿಗೆ ಬಿಡಬೇಕಾದ ನೀರು 177.25 ಟಿಎಂಸಿಗೆ ಇಳಿದಿತ್ತು. ಬೆಂಗಳೂರಿಗೆ ಅಂತಲೇ 4.75 ಟಿಎಂಸಿ ಸಿಕ್ಕಿತ್ತು. ಶಿಬಿರಕ್ಕೆ ಬಂದವರು ಒಟ್ಟು 26 ಜನ, ಅವರಲ್ಲಿ ಮಂಡ್ಯದವರು ಐದು, ತಂಜಾವೂರು ಕಡೆಯವರು ನಾಲ್ಕು. 2003ರಲ್ಲಿ ಎರಡೂ ರಾಜ್ಯದ ರೈತರು ಸೇರಿ ‘ಕಾವೇರಿ ಕುಟುಂಬ’ ಮಾಡಿಕೊಂಡು ಒಬ್ಬರ ಗದ್ದೆಗೆ ಒಬ್ಬರು ಹೋಗಿ ನೋಡಿದ್ದರು. ನನಗೆ ಧೈರ್ಯ ಬಂದದ್ದು ಅದರಿಂದಲೇ.

ದುಂಡಗೆ ಕೂತು ಮಧ್ಯೆ ಒಂದು ಹಿತ್ತಾಳೆ ಚೊಂಬು ಇಟ್ಟೆವು. ಚೊಂಬು ಹಿಡಿದವರು ಮಾತ್ರ ಮಾತಾಡಬೇಕು. ತಂಜಾವೂರಿನ ಹುಡುಗ ಅದನ್ನು ಮಡಿಲಲ್ಲಿ ಇಟ್ಟುಕೊಂಡು, ಮೆಟ್ಟೂರು ಅಣೆಕಟ್ಟಿನ ಬಾಗಿಲು ಜೂನ್ 12ಕ್ಕೆ ತೆರೆಯೋದು ವಾಡಿಕೆ, 2012ರಿಂದ ಒಂದು ವರ್ಷವೂ ಆ ದಿನ ತೆರೆದಿಲ್ಲ ಅಂದ. ನಮ್ಮ ಅಣ್ಣ ಅದನ್ನು ಕನ್ನಡಕ್ಕೆ ಹೇಳಿದರು. ಮಂಡ್ಯದವನು ಚೊಂಬು ಕೈಗೆ ಬಂದರೂ ಬಹಳ ಹೊತ್ತು ತಿರುಗಿಸುತ್ತಾ ಕೂತ. ಆಮೇಲೆ, ‘ನಮ್ ನಾಲೆಗೂ ಬಂದಿಲ್ಲ ಕಣಣ್ಣ’ ಅಂದ. ಅಷ್ಟೇ.

ಇಲ್ಲಿಗೆ ಎಲ್ಲಾ ಸರಿಹೋಯ್ತು ಅಂದುಕೊಂಡೆ. ಮೂರನೇ ದಿನ ಬೋರಿನ ಮೋಟಾರ್ ಸುಟ್ಟುಹೋಯಿತು. ಎರಡು ಡ್ರಮ್ ನೀರಿಗೆ 26 ಜನ. ಮಧ್ಯಾಹ್ನದೊಳಗೆ ಶಾಂತಿ ಶಿಬಿರದಲ್ಲಿ ಸ್ನಾನ ಮಾಡಿದವರು ಯಾರು, ಮಾಡದವರು ಯಾರು ಅಂತ ಜಗಳ. ಅದರಲ್ಲಿ ರಾಜ್ಯ ಗೀಜ್ಯ ಏನೂ ಇರಲಿಲ್ಲ. ತಂಜಾವೂರಿನವನೂ ಮಂಡ್ಯದವನೂ ಸೇರಿ ಬೆಂಗಳೂರಿನ ಹುಡುಗರಿಗೆ ಬೈಯುತ್ತಿದ್ದರು.

ನೀರಿದ್ದದ್ದು ಪಕ್ಕದ ಹೊಲದಲ್ಲಿ. ಅವರಿಗೂ ನಮಗೂ ಮಾತಿರಲಿಲ್ಲ. ಅವರ ಟ್ರಾಕ್ಟರ್ ನಮ್ಮ ಬದುವಿನ ಮೇಲೆ ಹೋಗುತ್ತಿತ್ತು. ನಮ್ಮಪ್ಪ ಮುಳ್ಳುಬೇಲಿ ಹಾಕಿ ದಾರಿ ಮುಚ್ಚಿದ್ದರು. ಅಪ್ಪ ಹೋದ ಮೇಲೂ ನಾನು ಅದನ್ನು ತೆಗೆದಿರಲಿಲ್ಲ. ಕೊಡ ಹಿಡಿದು ಹೋದವನನ್ನು ಆ ಯಜಮಾನರು ಮೇಲಿಂದ ಕೆಳಗೆ ನೋಡಿದರು. ‘ಶಾಂತಿ ಶಿಬಿರ ಅಂತೆ? ಮೊದಲು ನನ್ನ ದಾರಿ ಬಿಡ್ರಿ.’

ಏನು ಉತ್ತರ ಕೊಡೋದು? ವಾಪಸ್ ಬಂದು ಎಲ್ಲರನ್ನೂ ಕರೆದು ಮಚ್ಚು ಕೊಟ್ಟೆ. ಸಂಜೆವರೆಗೂ ಬೇಲಿ ಕಿತ್ತೆವು. ಕೈತುಂಬ ಮುಳ್ಳು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಅವರ ಪೈಪಿನಿಂದ ನಮ್ಮ ಡ್ರಮ್ಮಿಗೆ ನೀರು ಬಿತ್ತು.

ಈಗಲೂ ಪ್ರತಿ ಏಪ್ರಿಲ್‌ಗೆ ಅವರದ್ದೇ ನೀರು. ದುಡ್ಡು ಮುಟ್ಟಲ್ಲ. ಸರಿಯಾಗಿ ಊಟದ ಹೊತ್ತಿಗೆ ಬಂದು ಕೂತು, ಮುದ್ದೆ ಗಂಟಾಗಿದೆ ಅಂತ ಎಲ್ಲರೆದುರು ನನಗೆ ಬೈದು, ಎರಡು ಉಂಡು ಹೋಗುತ್ತಾರೆ.