ಮೊದಲು ಕಥೆ, ಆಮೇಲೆ ಲೆಸ್ಬಿಯನ್: ನಾನು ಓದುವ ರೀತಿ

ಹೆಣ್ಣು ಹೆಣ್ಣನ್ನು ಪ್ರೀತಿಸುವ ಕಥೆ ಇರುವ ಒಂದು ಒಳ್ಳೆ ಕಾದಂಬರಿ ಹೇಳು ಅಂತ ಯಾರಾದರೂ ಕೇಳಿದರೆ, ನೀನು ಸಾಮಾನ್ಯವಾಗಿ ಏನು ಓದ್ತೀಯ ಅಂತ ನಾನು ತಿರುಗಿ ಕೇಳುತ್ತೇನೆ. ಪತ್ತೇದಾರಿಯಾ, ದೆವ್ವದ ಕಥೆಯಾ, ರಾಜರಾಣಿಯರ ಕಥೆಯಾ? ಅಲ್ಲಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಹಠ. ನಾನು ಶುರು ಮಾಡಿದ್ದು ‘ಮನೆಯಲ್ಲಿ ಹೇಗೆ ಹೇಳಲಿ’ ಅನ್ನುವ ಕಾದಂಬರಿಗಳಿಂದ. ಒಂದಾದ ಮೇಲೊಂದು ಓದುತ್ತಾ ಹೋದರೆ ಅವುಗಳಲ್ಲಿ ಹುಡುಗಿಗೆ ಬೇರೆ ಕೆಲಸವೇ ಇರುವುದಿಲ್ಲ. ಬಚ್ಚಿಡುತ್ತಾಳೆ, ಸಿಕ್ಕಿಬೀಳುತ್ತಾಳೆ, ಅಳುತ್ತಾಳೆ. ಅದೆಲ್ಲ ನನಗೆ ಮನೆಯಲ್ಲೇ ಧಾರಾಳವಾಗಿ ಸಿಗುತ್ತಿತ್ತು, ದುಡ್ಡು ಕೊಟ್ಟು ಬೇರೆ ಯಾಕೆ ಓದಬೇಕು?

ರುಚಿ ಹತ್ತಿದ್ದು ಸಾರಾ ವಾಟರ್ಸ್ ಅವರ ‘ಫಿಂಗರ್‌ಸ್ಮಿತ್’ (2002) ಓದಿದಾಗ. ವಿಕ್ಟೋರಿಯಾ ರಾಣಿ ಕಾಲದ ಲಂಡನ್. ಕಳ್ಳರ ಮನೆಯಲ್ಲಿ ಬೆಳೆದ ಸೂ ಅನ್ನುವ ಹುಡುಗಿ, ಮಾಡ್ ಎಂಬ ಶ್ರೀಮಂತ ಹುಡುಗಿಯ ಮನೆಗೆ ಕೆಲಸದವಳ ವೇಷದಲ್ಲಿ ಹೋಗುತ್ತಾಳೆ. ಒಬ್ಬ ಮೋಸಗಾರನಿಗೆ ಮಾಡ್‌ಳನ್ನು ಮದುವೆ ಮಾಡಿಸಿ, ಆಮೇಲೆ ಅವಳನ್ನು ಹುಚ್ಚಾಸ್ಪತ್ರೆಗೆ ತಳ್ಳಿ, ಆಸ್ತಿ ಹೊಡೆಯುವುದು ಪ್ಲಾನ್. ಒಂದು ದಿನ ಮಾಡ್‌ಳ ಹಲ್ಲೊಂದು ಚೂಪಾಗಿ ಬಾಯಿಗೆ ಚುಚ್ಚುತ್ತಿರುತ್ತದೆ. ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುತ್ತಾರಲ್ಲ, ಆ ಬೆಳ್ಳಿ ಟೋಪಿ ಹಾಕಿಕೊಂಡು ಸೂ ಅವಳ ಬಾಯೊಳಗೆ ಬೆರಳಿಟ್ಟು ಹಲ್ಲನ್ನು ಉಜ್ಜಿ ಉಜ್ಜಿ ನುಣ್ಣಗೆ ಮಾಡುತ್ತಾಳೆ. ಅಷ್ಟೇ. ಮುತ್ತಿಲ್ಲ, ಮಾತಿಲ್ಲ, ಆದರೆ ಓದುತ್ತಿದ್ದ ನನಗೆ ಉಸಿರು ಕಟ್ಟಿತ್ತು. ಯಾಕಂದ್ರೆ ಮೋಸ ಮಾಡಲು ಬಂದವಳ ಬೆರಳು ಅದು ಅಂತ ನಮಗೆ ಗೊತ್ತು. ಬರೀ ಪ್ರೇಮಕಥೆಯಾಗಿದ್ದರೆ ಈ ಭಯ ಎಲ್ಲಿಂದ ಬರಬೇಕು? ಮುಂದೆ ಏನಾಗುತ್ತದೆ ಅಂತ ಹೇಳಲ್ಲ. ಬೆನ್ನುಡಿಯನ್ನೂ ಓದಬೇಡಿ.

ಅಲ್ಲಿಂದ ಪತ್ತೇದಾರಿಗೆ ಹೋದೆ. ಕ್ಯಾಥರೀನ್ ಫಾರೆಸ್ಟ್ ಅವರ ‘ಅಮೆಚೂರ್ ಸಿಟಿ’ (1984) ಕಾದಂಬರಿಯ ಕೇಟ್ ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯಲ್ಲಿ ಕೊಲೆ ಕೇಸುಗಳನ್ನು ನೋಡುವವಳು. ಜೊತೆಗೆ ಬಾಳುತ್ತಿದ್ದ ಹೆಂಗಸು ಅಪಘಾತದಲ್ಲಿ ಸತ್ತಿದ್ದಾಳೆ, ಆದರೆ ಆ ದುಃಖವನ್ನು ಸ್ಟೇಷನ್ನಿನಲ್ಲಿ ಬಾಯಿಬಿಟ್ಟು ಹೇಳಿಕೊಳ್ಳುವ ಹಾಗಿಲ್ಲ. ದಿನವಿಡೀ ಬೇರೆಯವರ ಗುಟ್ಟು ಕೆದಕುವುದು, ತನ್ನದನ್ನು ಮುಚ್ಚಿಡುವುದು. ಕೊಲೆಗಾರ ಯಾರು ಅನ್ನುವುದು ನನಗೆ ಮರೆತೇಹೋಗಿದೆ, ಇದು ಮಾತ್ರ ಮರೆತಿಲ್ಲ.

ಹಳೆಯದನ್ನು ಓದುವಾಗ ನಾನು ಮೊದಲು ಪುಸ್ತಕ ಬಂದ ವರ್ಷ ನೋಡುತ್ತೇನೆ. 1952ರಲ್ಲಿ ಅಮೆರಿಕದಲ್ಲಿ ‘ಸ್ಪ್ರಿಂಗ್ ಫೈರ್’ ಎಂಬ ಅಗ್ಗದ ಪೇಪರ್‌ಬ್ಯಾಕ್ ಬಂತು. ಬರೆದದ್ದು ಮೇರಿಜೇನ್ ಮೀಕರ್, ವಿನ್ ಪ್ಯಾಕರ್ ಎಂಬ ಹೆಸರಿನಲ್ಲಿ. ಸುಖಾಂತ್ಯ ಬರೆದರೆ ಅಂಚೆ ಇಲಾಖೆ ಪುಸ್ತಕಗಳನ್ನು ಹಿಡಿದುಹಾಕುತ್ತದೆ ಅಂತ ಸಂಪಾದಕರೇ ಹೇಳಿದ್ದರಂತೆ. ಹಾಗಾಗಿ ಕೊನೆಗೆ ಒಬ್ಬಳಿಗೆ ಹುಚ್ಚು ಹಿಡಿಯುತ್ತದೆ, ಇನ್ನೊಬ್ಬಳು ತಾನು ಅವಳನ್ನು ಪ್ರೀತಿಸಿಯೇ ಇರಲಿಲ್ಲ ಅಂದುಕೊಳ್ಳುತ್ತಾಳೆ. ಇದು ಗೊತ್ತಿಲ್ಲದೆ ಓದಿದರೆ ಬರೆದವರ ಮೇಲೇ ಸಿಟ್ಟು ಬರುತ್ತದೆ. ಅದೇ ವರ್ಷ ಪೆಟ್ರೀಷಿಯಾ ಹೈಸ್ಮಿತ್ ಕೂಡ ಬೇರೆ ಹೆಸರಿನಲ್ಲಿ ‘ದಿ ಪ್ರೈಸ್ ಆಫ್ ಸಾಲ್ಟ್’ ತಂದರು. ಅದರಲ್ಲಿ ಕ್ಯಾರೊಲ್ ಎಂಬ ಹೆಂಗಸು ಮತ್ತು ಅವಳು ಪ್ರೀತಿಸುವ ಹುಡುಗಿಯ ಹಿಂದೆ ಕ್ಯಾರೊಲ್‌ಳ ಗಂಡ ಪತ್ತೇದಾರನನ್ನು ಬಿಡುತ್ತಾನೆ, ಕ್ಯಾರೊಲ್ ಮಗಳನ್ನು ಕಳೆದುಕೊಳ್ಳುತ್ತಾಳೆ, ಆದರೂ ಕೊನೆಯ ಪುಟದಲ್ಲಿ ಇಬ್ಬರಿಗೂ ಒಂದು ದಾರಿ ಇದೆ. ತನ್ನ ಹೆಸರು ಹಾಕಿ ಅದನ್ನು ಮತ್ತೆ ತರಲು ಅವರಿಗೆ 1990 ಆಯಿತು. ಇವೆರಡನ್ನೂ ಒಟ್ಟಿಗೆ ಓದಿ ಅನ್ನುತ್ತೇನೆ, ಮೊದಲನೆಯದು ಅಷ್ಟೇನೂ ಚೆನ್ನಾಗಿಲ್ಲದಿದ್ದರೂ.

ಹೊಸ ಪುಸ್ತಕವಾದರೆ ನಾನು ನಾಚಿಕೆ ಬಿಟ್ಟು ಕೊನೆಯ ಅಧ್ಯಾಯ ಇಣುಕಿ ನೋಡುತ್ತೇನೆ. ಪ್ರೀತಿಸಿದವಳನ್ನು ಸುಮ್ನೆ ಸಾಯಿಸುವ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ. ದೆವ್ವದ ಕಥೆಗಳಲ್ಲಿ ಮಾತ್ರ ಇದಕ್ಕೆ ಮಾಫಿ. ಲೆ ಫಾನು ಅವರ ‘ಕಾರ್ಮಿಲ್ಲಾ’ 1872ರದ್ದು, ಡ್ರಾಕುಲಾಗಿಂತ 25 ವರ್ಷ ಹಳೆಯದು. ರಕ್ತ ಹೀರುವವಳನ್ನು ಗಂಡಸರೆಲ್ಲ ಸೇರಿ ಕೊಂದು ಹಾಕುತ್ತಾರೆ, ನ್ಯಾಯವೇ ಅನ್ನಿ. ಆದರೆ ಕಥೆ ಹೇಳುವ ಲಾರಾಗೆ ಆಮೇಲೂ ಬಾಗಿಲ ಬಳಿ ಅವಳ ಹೆಜ್ಜೆ ಸದ್ದು ಕೇಳಿದ ಹಾಗಾಗುತ್ತದೆ. ಹೆದರಿಕೆಯಾ, ಆಸೆಯಾ? ನನ್ನ ಓಟು ಆಸೆಗೆ.

ಡ್ರ್ಯಾಗನ್ ಇಷ್ಟವಾದರೆ ಸಮಾಂತಾ ಶಾನನ್ ಅವರ ‘ದಿ ಪ್ರಯರಿ ಆಫ್ ದಿ ಆರೆಂಜ್ ಟ್ರೀ’ (2019). 800 ಪುಟಕ್ಕೂ ಜಾಸ್ತಿ, ಮಲಗಿ ಓದಿದರೆ ಮೂತಿ ಮೇಲೆ ಬೀಳುತ್ತದೆ, ಫೋನಿನಲ್ಲೇ ಓದಿ. ಅಲ್ಲಿ ರಾಣಿ ಹೆಣ್ಣನ್ನು ಪ್ರೀತಿಸುವುದು ದೊಡ್ಡ ಸುದ್ದಿಯೇ ಅಲ್ಲ. ಗದ್ದಲವೆಲ್ಲ ಉತ್ತರಾಧಿಕಾರಿ ಹುಟ್ಟಲಿಲ್ಲವಲ್ಲ ಅನ್ನುವುದಕ್ಕೆ. ಆಸ್ಥಾನದವರೆಲ್ಲ ನಮ್ಮ ಅತ್ತೆ, ಚಿಕ್ಕಮ್ಮಂದಿರ ಹಾಗೆ ‘ಏನೂ ವಿಶೇಷ ಇಲ್ವಾ’ ಅಂತ ಕಾಯುತ್ತಾ ಕೂತಿರುತ್ತಾರೆ! ಹೆಸರುಗಳು ಬಾಯಿಗೆ ಹತ್ತದಿದ್ದರೆ ತಾಶಾ ಸೂರಿ ಅವರ ‘ದಿ ಜಾಸ್ಮಿನ್ ಥ್ರೋನ್’ (2021) ಹಿಡಿಯಿರಿ. ಸೆರೆಯಲ್ಲಿರುವ ರಾಜಕುಮಾರಿ ಮಾಲಿನಿ, ಕೆಲಸದವಳು ಪ್ರಿಯಾ.

ನಮ್ಮ ದೇಶದ್ದು ಅಂದರೆ ಇಸ್ಮತ್ ಚುಗ್ತಾಯಿ ಅವರ ಉರ್ದು ಕಥೆ ‘ಲಿಹಾಫ್’ (1942) ಬಿಟ್ಟು ಮುಂದೆ ಹೋಗುವಂತಿಲ್ಲ. ರಾತ್ರಿ ಬೇಗಂಳ ರಜಾಯಿ ಅಲುಗಾಡುತ್ತದೆ, ಗೋಡೆಯ ಮೇಲೆ ಅದರ ನೆರಳು ಆನೆಯಂತೆ ತೂಗುತ್ತದೆ. ನೋಡುತ್ತಿರುವುದು ಒಂದು ಮಗು, ಅದಕ್ಕೆ ಏನೂ ಅರ್ಥವಾಗದು. ಲಾಹೋರಿನಲ್ಲಿ ಅಶ್ಲೀಲತೆಯ ಕೇಸು ನಡೆದಾಗ ಇದೇ ಕಾಪಾಡಿತು. ಅಶ್ಲೀಲ ಪದ ಯಾವುದು ತೋರಿಸಿ ಅಂದರೆ ಸಾಕ್ಷಿಗಳಿಗೆ ತೋರಿಸಲಾಗಲಿಲ್ಲ ಎಂದು ಅವರೇ ಬರೆದುಕೊಂಡಿದ್ದಾರೆ.

ಕನ್ನಡಕ್ಕೆ ಬಂದಾಗ ನನ್ನ ಲಿಸ್ಟು ಬಡವಾಗುತ್ತದೆ. ವಸುಧೇಂದ್ರರ ‘ಮೋಹನಸ್ವಾಮಿ’ (2013) ಬಂದಾಗ ಎಷ್ಟೋ ಜನ ಉಸಿರಾಡಿದರು, ನಾನೂ. ಆದರೆ ಅದು ಗಂಡಸರ ಲೋಕ. ನನಗೆ ಬೇಕಿರುವುದು ಹುಬ್ಬಳ್ಳಿಯಲ್ಲೋ ಮಂಡ್ಯದಲ್ಲೋ ಕಳ್ಳರನ್ನು ಹಿಡಿಯುವ, ರಾತ್ರಿ ಮನೆಗೆ ಬಂದರೆ ‘ಇಷ್ಟೊತ್ತಾ ಬರೋದು’ ಅಂತ ಇನ್ನೊಬ್ಬಳ ಕೈಲಿ ಬೈಸಿಕೊಳ್ಳುವ ಒಬ್ಬ ಲೇಡಿ ಇನ್ಸ್‌ಪೆಕ್ಟರ್. ಯಾರಾದರೂ ಬರೆದಿದ್ದರೆ ದಯವಿಟ್ಟು ಹೇಳಿ, ಕೊನೆಯ ಅಧ್ಯಾಯ ಇಣುಕದೆ ಓದುತ್ತೇನೆ.