ಹಲ್ಲು ಉದುರುವ ತನಕ ದಂಡುಹುಲಿ ಕಾಳಗಕ್ಕಿಲ್ಲ

ನಾನು ಕಟ್ಟಿದ ಕಾರ್ಡ್ ಆಟದಲ್ಲಿ ಕೋಟೆ ಕಾಳಗಕ್ಕೆ ಪಳಗಿಸುವ ಹುಲಿಯೇ ದಂಡುಹುಲಿ. ಅದನ್ನು ಮರಿಯಿಂದ ಹಂತ ಹಂತವಾಗಿ ಸಾಕಬೇಕು. "ಮರಿಗೆ ಅಷ್ಟೆಲ್ಲ ಹಂತ ಯಾಕೆ? ನೇರ ದೊಡ್ಡ ಹುಲಿಯನ್ನೇ ಇಳಿಸು" ಅಂತ ಸಾಗರದ ನಮ್ಮ ಆಟದ ಗುಂಪಿನಲ್ಲಿ ಎಲ್ಲರೂ ಹೇಳಿದ್ದರು. ಮೂರು ಮಳೆಗಾಲ ಕಳೆದಿವೆ. ಈಗ ಅವರೇ ಮೊದಲು ಮರಿಯ ಕಾರ್ಡ್ ಕೇಳುತ್ತಾರೆ.

ಮೊದಲ ಸಲ ಅಂಕ ಸೇರಿದ ಹಾಗೆ ಮರಿ ಬೆಳೆಯುತ್ತಿತ್ತು. ಒಂದೇ ಸಂಜೆಯಲ್ಲಿ 1 ಕೆಜಿ ಮರಿ 200 ಕೆಜಿ ಹುಲಿಯಾಯಿತು. ಕೋಟೆ ಕಾಳಗದಲ್ಲಿ ಸತ್ತಾಗ ಯಾರಿಗೂ ಏನೂ ಅನಿಸಲಿಲ್ಲ. ಎರಡನೇ ಸಲ ದಿನದ ಹಾಲು, ಮಾಂಸದ ಲೆಕ್ಕ ಇಟ್ಟೆ. ಇಬ್ಬರು ಬರುವುದನ್ನೇ ಬಿಟ್ಟರು. ಅಷ್ಟರಲ್ಲಿ 120 ಕಾರ್ಡ್ ಅಚ್ಚು ಹಾಕಿಸಿದ್ದೆ. ಸುಮಾರು 4,000 ರೂಪಾಯಿ ಹೋಯಿತು. ಉಳಿದ ಕಾರ್ಡುಗಳಿಗೆ ಆಷಾಢದ ಥಂಡಿಯಲ್ಲಿ ಬೂಷ್ಟು ಹಿಡಿಯಿತು.

ದಾರಿ ಸಿಕ್ಕಿದ್ದು ಹಲ್ಲಿನಿಂದ. ನಿಜವಾದ ಹುಲಿಮರಿ ಹತ್ತು ದಿನದ ಹೊತ್ತಿಗೆ ಕಣ್ಣು ಬಿಡುತ್ತದೆ. ಐದಾರು ತಿಂಗಳಿಗೆ ಹಾಲು ಬಿಡುತ್ತದೆ. ವರ್ಷ ದಾಟಿದ ಮೇಲೆ ಹಾಲುಹಲ್ಲು ಹೋಗಿ ದೊಡ್ಡ ಕೋರೆ ಬರುತ್ತದೆ. ಹಂತಗಳನ್ನು ತೂಕ ಬಿಟ್ಟು ಇವಕ್ಕೇ ಕಟ್ಟಿದೆ. ಕಾಲವನ್ನು ಮಳೆ ನಕ್ಷತ್ರದಲ್ಲಿ ಅಳೆದೆ. ಒಂದು ಸಂಜೆಯ ಆಟ ಅಂದರೆ ಒಂದು ಮಳೆ, ಸುಮಾರು ಎರಡು ವಾರ. ಆರಿದ್ರದಲ್ಲಿ ಹುಟ್ಟಿದ ಮರಿ ವಿಶಾಖಕ್ಕೆ ಹಾಲು ಬಿಟ್ಟಿತು. ಬೇಸಿಗೆಯನ್ನು ಒಂದೇ ಸಂಜೆಯಲ್ಲಿ ದಾಟಿಸಿದೆ. ಮರುವರ್ಷ ಆಶ್ಲೇಷಕ್ಕೆ ಹಲ್ಲು ಅಲುಗಿತು. ಆಗ ದಂಡುಹುಲಿಗೆ ಸಿಟ್ಟು ಜಾಸ್ತಿ. ಸಾಕಿದವನ ಕೈಯನ್ನೇ ಕಚ್ಚಬಹುದು. ಸರಿಯಾಗಿ ಅದೇ ಹೊತ್ತಿಗೆ ಶತ್ರುವನ್ನು ಬಾಗಿಲಿಗೆ ತರುತ್ತೇನೆ.

ಒಬ್ಬ ಗೆಳೆಯ ತಕರಾರು ತೆಗೆದ. ಹಿಂದೆ ಬೇಟೆಗೆ ಪಳಗಿಸುತ್ತಿದ್ದ ಸಿವಂಗಿಗಳನ್ನು (ಚೀತಾಗಳನ್ನು) ದೊಡ್ಡದಾದ ಮೇಲೇ ಹಿಡಿಯುತ್ತಿದ್ದರು, ತಾಯಿ ಹತ್ತಿರ ಕಲಿಯದ ಮರಿ ಬೇಟೆಗೆ ಬಾರದು ಅಂತ. ಮಾತು ಸರಿಯೇ ಅಲ್ವಾ? ಎಂಟು ದಿನ ನಿದ್ದೆಗೆಟ್ಟು 'ಮುದಿಹುಲಿ' ಕಾರ್ಡ್ ಸೇರಿಸಿದೆ. ಕಾಳಗ ಕಂಡ ಮುದಿಹುಲಿ ಜೊತೆಗಿದ್ದರೆ ಮಾತ್ರ ಮರಿ ಹೊಂಚು ಕಲಿಯುತ್ತದೆ. ಇಡೀ ಆಟದಲ್ಲಿ ನನಗೆ ಬಹಳ ಇಷ್ಟವಾದ ಕಾರ್ಡ್ ಅದು.

ನಡುವೆ ಕರಿ ಕುರ್ಕ, ಅಂದರೆ ಕರಿ ಚಿರತೆಯ ಕಾರ್ಡನ್ನೂ ಮಾಡಿ ನೋಡಿದೆ. ಅದಕ್ಕೂ ಚುಕ್ಕೆ ಇರುತ್ತದೆ, ಬಿಸಿಲಲ್ಲಿ ಕಾಣುತ್ತದೆ. ಹಾಗೆ ಕಾಣಲಿ ಅಂತ ಕಪ್ಪಿನ ಮೇಲೆ ಹೊಳಪಿನ ಕಪ್ಪು ಹಾಕಿಸಿದೆ. ಒಂದೊಂದು ಕಾರ್ಡಿಗೆ 60 ರೂಪಾಯಿ ಬಿತ್ತು. ಹತ್ತಕ್ಕೇ ನಿಲ್ಲಿಸಿದೆ.

ಕಾಳಗದಲ್ಲಿ ಹುಲಿ ಯಾರ ಮಾತು ಕೇಳುತ್ತದೆ ಅಂತ ತೀರ್ಮಾನಿಸುವ ದಾಳದ ಲೆಕ್ಕ ಇಲ್ಲಿ ಬರೆಯಲ್ಲ. ಆಡಲು ಬಂದವರಿಗೆ ಮಾತ್ರ ಹೇಳುತ್ತೇನೆ.

ಹೋದ ತಿಂಗಳು, ಹಂತ ಬೇಡ ಅಂದಿದ್ದವನ ಹುಲಿಗೇ ಹಲ್ಲು ಅಲುಗುತ್ತಿತ್ತು. ಶತ್ರು ಬಂದ. ಅವನು ಹುಲಿಯನ್ನು ಹೊರಗೆ ಬಿಡಲಿಲ್ಲ, ಕೋಟೆಯನ್ನೇ ಬಿಟ್ಟುಕೊಟ್ಟ.