ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ಈ ಷರತ್ತು ಬರೆಸಿ

ಮಂಡ್ಯದಲ್ಲಾಗಲಿ ಮೈಸೂರಿನಲ್ಲಾಗಲಿ, ಸಬ್ ರಿಜಿಸ್ಟ್ರಾರ್ ಕಚೇರಿಯ ಆಸುಪಾಸಿನ ಟೈಪಿಂಗ್ ಅಂಗಡಿಯಿಂದ ಹೊರಬರುವ ದಾನಪತ್ರಗಳಲ್ಲಿ ಒಂದು ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ: ‘ಸ್ವಸಂತೋಷದಿಂದ, ಸ್ಥಿರಬುದ್ಧಿಯಿಂದ, ಯಾರ ಬಲವಂತ ಒತ್ತಾಯಗಳೂ ಇಲ್ಲದೆ ಬರೆಸಿಕೊಟ್ಟ ದಾನಪತ್ರ.’ ಹಳೆಯ ಪತ್ರವನ್ನು ಕಂಪ್ಯೂಟರಿನಲ್ಲಿ ತೆರೆದು ಹೆಸರು, ಸರ್ವೆ ನಂಬರು, ಚಕ್ಕುಬಂದಿ ಬದಲಿಸಿದರೆ ಹೊಸ ಪತ್ರ ತಯಾರು. ಗಟ್ಟಿಮುಟ್ಟಾಗಿರುವ ಐವತ್ತರ ಯಜಮಾನನ ಪತ್ರಕ್ಕೂ, ಕಣ್ಣಿಗೆ ಪೊರೆ ಬಂದು ಮಾತ್ರೆಗೂ ಮಗನನ್ನೇ ಕೂಗಬೇಕಾದ ಎಂಬತ್ತರ ಅಜ್ಜಿಯ ಪತ್ರಕ್ಕೂ ಅದೇ ಸಾಲು. ಎಲ್ಲರಿಗೂ ಹೊಂದುವ ಈ ಸಾಲು ಜಗಳ ಬಂದಾಗ ಅಜ್ಜಿಯ ನೆರವಿಗೆ ಬರುವುದಿಲ್ಲ; ಹೆಚ್ಚೆಂದರೆ ಬರೆಸಿಕೊಂಡವನ ವಕೀಲರಿಗೆ ಉಪಯೋಗಕ್ಕೆ ಬರುತ್ತದೆ.

ಅಶಕ್ತರನ್ನು ಕಾನೂನು ಕೈಬಿಟ್ಟಿಲ್ಲ. ಆದರೆ ತನ್ನ ಅಶಕ್ತತೆಗೆ ಏನು ಏರ್ಪಾಡು ಎಂಬುದನ್ನು ಪತ್ರದಲ್ಲೇ ಬರೆಸಿಟ್ಟವರಿಗೆ ಅದು ಬೇಗ ಒದಗುತ್ತದೆ, ಬರೆಸದವರನ್ನು ವರ್ಷಗಟ್ಟಲೆ ಅಲೆಸುತ್ತದೆ.

ಅಶಕ್ತರು ಅಂದರೆ ಯಾರು?

1872ರ ಭಾರತೀಯ ಕರಾರು ಕಾಯ್ದೆ ಇದನ್ನು ಎರಡು ಬಗೆಯಾಗಿ ನೋಡುತ್ತದೆ. ಕರಾರು ಮಾಡುವ ಅರ್ಹತೆಯೇ ಇಲ್ಲದವರು ಒಂದು ಬಗೆ: 18 ತುಂಬದವರು, ಬುದ್ಧಿ ಸ್ವಾಧೀನದಲ್ಲಿಲ್ಲದವರು. ಬುದ್ಧಿ ಸ್ವಾಧೀನದಲ್ಲಿಲ್ಲ ಅಂದರೆ ಕಾಯಂ ಕಾಯಿಲೆಯೇ ಆಗಬೇಕಿಲ್ಲ. ಜ್ವರದ ಸನ್ನಿಯಲ್ಲಿದ್ದವನೂ ಕುಡಿದು ಮೈಮೇಲೆ ಪ್ರಜ್ಞೆಯಿಲ್ಲದವನೂ ಆ ಹೊತ್ತಿಗೆ ಅನರ್ಹರೇ ಎಂದು 12ನೇ ಸೆಕ್ಷನ್ನಿನ ಉದಾಹರಣೆ ಹೇಳುತ್ತದೆ. ಕಣ್ಣು ಕಾಣದಿರುವುದು, ಕಿವಿ ಕೇಳದಿರುವುದು ಅನರ್ಹತೆಯಲ್ಲ. ಅಂಗವಿಕಲರಿಗೆ ಆಸ್ತಿ ವ್ಯವಹಾರದಲ್ಲಿ ಸಮಾನ ಹಕ್ಕಿದೆ ಎಂದು 2016ರ ಕಾಯ್ದೆ ಸ್ಪಷ್ಟವಾಗಿ ಹೇಳಿದೆ.

ನಮಗೆ ಹೆಚ್ಚು ಬೇಕಾದದ್ದು ಎರಡನೆಯ ಬಗೆ, 16ನೇ ಸೆಕ್ಷನ್ನಿನ ‘ಅನುಚಿತ ಪ್ರಭಾವ’. ಅರ್ಹತೆ ಇದೆ, ರುಜುವೂ ತನ್ನದೇ, ಆದರೆ ವಯಸ್ಸು, ಕಾಯಿಲೆ ಅಥವಾ ಸಂಕಟದಿಂದ ಮನಸ್ಸು ಸೋತಿದೆ. ಎದುರಿಗಿರುವವನು ಅದನ್ನೇ ಬಳಸಿಕೊಂಡಿದ್ದಾನೆ. ಇಲ್ಲಿನ ಉದಾಹರಣೆಗಳು ಇವತ್ತಿಗೂ ನಮ್ಮೂರಿನ ಕಥೆಯಂತಿವೆ. ಮುಪ್ಪಿನಿಂದ ಕುಗ್ಗಿದ ರೋಗಿಯಿಂದ ಚಿಕಿತ್ಸೆ ಕೊಡುವವನು ವಿಪರೀತ ಹಣಕ್ಕೆ ಒಪ್ಪಿಗೆ ಪಡೆದರೆ ಅದು ಅನುಚಿತ ಪ್ರಭಾವ. ಊರಿನ ಸಾಹುಕಾರ ಮೊದಲೇ ಸಾಲದಲ್ಲಿರುವವನಿಗೆ ಅನ್ಯಾಯದ ಷರತ್ತಿನ ಮೇಲೆ ಮತ್ತೆ ಸಾಲ ಕೊಟ್ಟರೆ, ಪ್ರಭಾವ ಬೀರಿಲ್ಲ ಎಂದು ಸಾಬೀತು ಮಾಡಬೇಕಾದವನು ಸಾಹುಕಾರನೇ. ಆದರೆ ಪೇಟೆಯಲ್ಲಿ ಹಣದ ಮುಗ್ಗಟ್ಟಿರುವಾಗ ಬ್ಯಾಂಕಿನವರು ಹೆಚ್ಚು ಬಡ್ಡಿ ಕೇಳಿದರೆ ಅದು ಬರೀ ವ್ಯಾಪಾರ. ಬಡತನವೊಂದೇ ಸಾಲದು, ಒಬ್ಬರ ಮೇಲೊಬ್ಬರ ಹಿಡಿತವೂ ಇರಬೇಕು ಎಂಬುದು ಇದರ ತಾತ್ಪರ್ಯ.

ದಾನಪತ್ರವೇ ಬೇಕೆ?

ಮೊದಲು ಇದನ್ನು ಕೇಳಿಕೊಳ್ಳಿ. ವಿಲ್ ಬರೆದರೆ ಬುದ್ಧಿ ನೆಟ್ಟಗಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು, ಆಸ್ತಿ ಕಡೆಯ ಉಸಿರಿನವರೆಗೂ ನಿಮ್ಮದೇ. ದಾನ ಹಾಗಲ್ಲ, ಕೊಟ್ಟರೆ ಹೋಯಿತು. ನನ್ನನ್ನು ಕೇಳಿದರೆ ಹತ್ತರಲ್ಲಿ ಎಂಟು ಮನೆಗಳಿಗೆ ವಿಲ್ಲೇ ಸಾಕು. ‘ಪಹಣಿ ನನ್ನ ಹೆಸರಿಗಾದ್ರೆ ಸಾಲ ಸಿಗ್ತದೆ ಕಣಪ್ಪೋ’ ಎಂದು ಮಗ ದುಂಬಾಲು ಬಿದ್ದಾಗ ದಾನಪತ್ರದ ಮಾತು ಬರುತ್ತದೆ. ಪಿತ್ರಾರ್ಜಿತವಾದರೆ ಹೆಣ್ಣುಮಕ್ಕಳ ಪಾಲೂ ಇರುತ್ತದೆ, ಇಡೀ ಜಮೀನನ್ನು ಒಬ್ಬನಿಗೆ ದಾನ ಮಾಡಲು ಬರುವುದಿಲ್ಲ.

ಬರೆಸಲೇಬೇಕಾದ ಷರತ್ತು

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ 60 ದಾಟಿದವರ ಪಾಲಿಗೆ ದೊಡ್ಡ ಆಸರೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ, ಆ ಪತ್ರ ಮೋಸದಿಂದಲೋ ಬಲವಂತದಿಂದಲೋ ಅನುಚಿತ ಪ್ರಭಾವದಿಂದಲೋ ಆದದ್ದು ಎಂದೇ ಕಾನೂನು ಭಾವಿಸುತ್ತದೆ. ಬೇರೆ ಸಾಕ್ಷ್ಯಕ್ಕೆ ಪರದಾಡಬೇಕಿಲ್ಲ.

ತೊಡಕಿರುವುದು ‘ಷರತ್ತಿನ ಮೇಲೆ’ ಎಂಬಲ್ಲಿ. ಷರತ್ತು ಇತ್ತೆಂದು ತೋರಿಸದಿದ್ದರೆ ಈ ಸೆಕ್ಷನ್ ಅನ್ವಯಿಸದು ಎಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರಿಗೆ ಅದೇ ನ್ಯಾಯಾಲಯ ಆಸ್ತಿ ವಾಪಸು ಕೊಡಿಸಿತು. ಅಲ್ಲಿ ದಾನಪತ್ರದ ಜೊತೆಗೆ ಮಗ ಬರೆದುಕೊಟ್ಟ ವಚನಪತ್ರವೂ ಇತ್ತು. ಆ ತಾಯಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು ಎಂಬುದನ್ನು ಮರೆಯಬಾರದು. ಮೂರು ಸಾಲು ಹೆಚ್ಚು ಟೈಪು ಮಾಡಿಸುವುದು ಅದಕ್ಕಿಂತ ಸುಲಭ. ಸುಮಾರಾಗಿ ಹೀಗೆ ಬರೆಸಬಹುದು:

‘ಮನೆಯಲ್ಲಿ ವಾಸಿಸುವ ಹಾಗೂ ಜಮೀನಿನ ಫಸಲನ್ನು ಅನುಭವಿಸುವ ಹಕ್ಕನ್ನು ನನ್ನ ಜೀವಿತಾವಧಿಯವರೆಗೆ ನಾನೇ ಉಳಿಸಿಕೊಂಡಿರುತ್ತೇನೆ. ದಾನ ಪಡೆದವರು ನನ್ನ ಊಟ, ವಸತಿ, ಬಟ್ಟೆ, ಔಷಧೋಪಚಾರಗಳನ್ನು ನೋಡಿಕೊಳ್ಳತಕ್ಕದ್ದು ಮತ್ತು ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಇಷ್ಟು ರೂಪಾಯಿಯನ್ನು ನನ್ನ ಬ್ಯಾಂಕ್ ಖಾತೆಗೆ ಜಮಾ ಮಾಡತಕ್ಕದ್ದು. ಇದಕ್ಕೆ ತಪ್ಪಿದಲ್ಲಿ ಈ ದಾನವನ್ನು ರದ್ದುಪಡಿಸಿಕೊಳ್ಳಲು ನಾನು ಹಕ್ಕುಳ್ಳವನಾಗಿರುತ್ತೇನೆ.’

‘ಚೆನ್ನಾಗಿ ನೋಡಿಕೊಳ್ಳತಕ್ಕದ್ದು’ ಎಂದಷ್ಟೇ ಬರೆಸಿದರೆ ಚೆನ್ನಾಗಿ ಅಂದರೆ ಎಷ್ಟು ಎಂಬ ವಾದ ಶುರುವಾಗುತ್ತದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹಣ ಬಂದಿಲ್ಲ ಎಂಬುದಕ್ಕೆ ವಾದವಿಲ್ಲ. ‘ನನಗಿಷ್ಟ ಬಂದಾಗ ರದ್ದು ಮಾಡಿಕೊಳ್ಳುತ್ತೇನೆ’ ಎಂದೂ ಬರೆಸಬೇಡಿ; 1882ರ ಆಸ್ತಿ ವರ್ಗಾವಣೆ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅಂಥ ದಾನ ನಿಲ್ಲದು. ಅನುಭವದ ಹಕ್ಕನ್ನು ಜೀವಿತಾವಧಿಗೆ ಉಳಿಸಿಕೊಂಡು ದಾನ ಕೊಟ್ಟರೆ ಅದು ಸಿಂಧುವೇ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ.

ರುಜು ಹಾಕುವ ದಿನ

ಸಬ್ ರಿಜಿಸ್ಟ್ರಾರ್ ಮುಖ್ಯವಾಗಿ ಕೇಳುವುದು ‘ಬರೆಸಿಕೊಟ್ಟವರು ನೀವೇನಾ, ರುಜು ನಿಮ್ಮದೇನಾ’ ಎಂದು. ಒಳಗೇನಿದೆ ಎಂದು ನಿಮಗೆ ಗೊತ್ತಿದೆಯೇ ಎಂಬುದನ್ನು ನೀವೇ ಖಾತ್ರಿ ಮಾಡಿಕೊಳ್ಳಬೇಕು. ಕರಡನ್ನು ಹಿಂದಿನ ದಿನವೇ ಮನೆಗೆ ತರಿಸಿ, ಬರೆಸಿಕೊಳ್ಳುತ್ತಿರುವ ಮಗ ಎದುರಿಗಿಲ್ಲದಾಗ ಬೇರೊಬ್ಬರಿಂದ ಪೂರ್ತಿ ಓದಿಸಿ ಕೇಳಿ. ಯಾರು ಓದಿ ಹೇಳಿದರು ಎಂದು ಪತ್ರದಲ್ಲೇ ಹೆಸರು ಹಾಕಿಸಿ. ಇಬ್ಬರು ಸಾಕ್ಷಿಗಳಲ್ಲಿ ಒಬ್ಬರಾದರೂ ನಿಮ್ಮ ಕಡೆಯವರಿರಲಿ. ‘ಒತ್ತಾಯ್ತದೆ, ಬೇಗ ರುಜು ಆಕು’ ಅಂದರೆ ಎದ್ದು ಬನ್ನಿ.

ಹಾಸಿಗೆ ಹಿಡಿದವರನ್ನು ಆಟೋದಲ್ಲಿ ಎತ್ತಿಕೊಂಡು ಹೋಗಬೇಕಿಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ಅರ್ಜಿ ಕೊಟ್ಟರೆ ಅಧಿಕಾರಿ ಮನೆಗೆ ಬಂದು ನೋಂದಣಿ ಮಾಡಲು ಅವಕಾಶವಿದೆ. ಮಹಿಳೆಯರು, ಅಂಗವಿಕಲರು, ಪರಿಶಿಷ್ಟ ಜಾತಿ ಪಂಗಡದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ಕಾನೂನು ಸಲಹೆ ಸಿಗುತ್ತದೆ, ಸಹಾಯವಾಣಿ 15100.

ಮಾತಿಗೆ ತಪ್ಪಿದರೆ

ಉಪವಿಭಾಗಾಧಿಕಾರಿ ಕಚೇರಿಗೆ ಹೋಗಿ, ಅವರೇ 2007ರ ಹಿರಿಯ ನಾಗರಿಕರ ಕಾಯ್ದೆಯ ನ್ಯಾಯಮಂಡಳಿಯ ಮುಖ್ಯಸ್ಥರು. ಮಂಡ್ಯ ಜಿಲ್ಲೆಯಲ್ಲಿ ಮಂಡ್ಯ ಮತ್ತು ಪಾಂಡವಪುರ, ಮೈಸೂರು ಜಿಲ್ಲೆಯಲ್ಲಿ ಮೈಸೂರು ಮತ್ತು ಹುಣಸೂರು ಉಪವಿಭಾಗಗಳಿವೆ. ದಾನಪತ್ರದ ನಕಲು, ವಯಸ್ಸಿನ ದಾಖಲೆ, ಪಾಸ್‌ಬುಕ್, ಸ್ವಂತ ಕೈಯಿಂದ ಕೊಟ್ಟ ಆಸ್ಪತ್ರೆ ಬಿಲ್ಲುಗಳು ಜೊತೆಗಿರಲಿ. ಆದೇಶ ಸರಿಬರದಿದ್ದರೆ 60 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ. ಷರತ್ತೇ ಇಲ್ಲದ ಹಳೆಯ ಪತ್ರವಾದರೆ ದಾರಿ ಸಿವಿಲ್ ಕೋರ್ಟು. ಮೋಸ ಗೊತ್ತಾದ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು. ಹಿರಿಯರ ಸಹಾಯವಾಣಿ 14567ಕ್ಕೂ ಕರೆ ಮಾಡಬಹುದು. ನೋಂದಣಿಯಾದ ವಾರದಲ್ಲೇ ಪತ್ರದ ದೃಢೀಕೃತ ನಕಲೊಂದನ್ನು ತೆಗೆಸಿ, ಆ ಮನೆಯಲ್ಲಿಡದೆ ಮಗಳ ಮನೆಯಲ್ಲೋ ನಂಬಿಕೆಯ ನೆಂಟರ ಹತ್ತಿರವೋ ಇಟ್ಟಿರಿ.